ಹತ್ತಿ ಕರಗಿದ ಯುಗಾದಿ

ನಮ್ಮ ಓಣಿಗೆ ಟಿವಿ ಬಂದಿತ್ತು, ಆದರೆ ಬಾಗಿಲು ಹಾಕಿಕೊಂಡು ನೋಡುವ ರೂಢಿ ಇನ್ನೂ ಬಂದಿರಲಿಲ್ಲ. ಅಂಥ ಕಾಲ ಅದು. ಕೇಶ್ವಾಪುರದ ಮನೆಗಳ ಮುಂದೆ ಬೇವಿನ ಗಿಡಗಳಿದ್ದವು. ಹೋಳಿಯ ಹಲಗೆಯ ಸದ್ದು ನಿಂತ ಮೇಲೆ ಆ ಗಿಡಗಳು ಹಳೆಯ ಎಲೆಯನ್ನೆಲ್ಲ ಉದುರಿಸಿ, ಯುಗಾದಿಯ ಹೊತ್ತಿಗೆ ತಾಮ್ರದ ಬಣ್ಣದ ಚಿಗುರು ತೊಟ್ಟು ನಿಲ್ಲುತ್ತಿದ್ದವು. ಅವ್ವ ಗಿಡದ ಕೆಳಗೆ ತಾನು ಉಟ್ಟು ಬಿಟ್ಟ ಹಳೆಯ ಪತ್ತಲ ಹಾಸಿಡುತ್ತಿದ್ದಳು. ಮುಂಜಾನೆ ಎದ್ದು ನೋಡಿದರೆ ಅದರ ತುಂಬ ಬಿಳಿಯ ಸಣ್ಣ ಹೂ. ಹಬ್ಬದ ದಿನ ಆ ಹೂವಿಗೆ ಬೆಲ್ಲ, ಹುಣಸೆಹಣ್ಣು, ಪುಟಾಣಿ ಹಿಟ್ಟು, ದ್ರಾಕ್ಷಿ ನೀರಿನಲ್ಲಿ ಕೂಡಿಸಿ ಅವ್ವ ಬೇವು ಮಾಡುವಳು. ನಾವು ಹುಡುಗರು ದ್ರಾಕ್ಷಿಯನ್ನು ಹುಡುಕಿ ತಿಂದು ಉಳಿದದ್ದನ್ನು ಕಣ್ಣುಮುಚ್ಚಿ ಕುಡಿಯುತ್ತಿದ್ದೆವು.

ಓಣಿಯ ಕೊನೆಯ ಮನೆಯಲ್ಲಿ ಅಕ್ಕೋರು ಇದ್ದರು. ಸಾಲಿ ಕಲಿಸುವ ಹೆಣ್ಣುಮಕ್ಕಳನ್ನು ನಮ್ಮ ಕಡೆ ಹಾಗೇ ಕರೆಯುವುದು. ಅವರಿಗೆ ಬೇರೆ ಹೆಸರಿದ್ದದ್ದು ನನಗೆ ದೊಡ್ಡವಳಾದ ಮೇಲೆ ಗೊತ್ತಾಯಿತು. ತಮ್ಮ ಪಡಸಾಲೆಯಲ್ಲಿ ಓಣಿಯ ಚಿಕ್ಕ ಮಕ್ಕಳನ್ನು ಕೂಡಿಸಿ ಶಿಶುವಿಹಾರ ನಡೆಸುತ್ತಿದ್ದರು. ಯುಗಾದಿಯ ಮಧ್ಯಾಹ್ನ ಅಲ್ಲಿ ಒಂದು ಸಣ್ಣ ಕಾರ್ಯಕ್ರಮ. ಓದಲು ಕಲಿತ ಹುಡುಗಿಯೋ ಹುಡುಗನೋ ವಸಂತದ ಒಂದು ಚಿತ್ರದ ಪುಸ್ತಕ ಆರಿಸಿಕೊಂಡು ಚಿಕ್ಕವರಿಗೆ ಗಟ್ಟಿಯಾಗಿ ಓದಿ ಹೇಳಬೇಕು. ಹೋಳಿಗೆ ಉಂಡ ಮಂದಿ ತೂಕಡಿಸುತ್ತ ಬಂದು ಹಿಂದೆ ಕೂಡುತ್ತಿದ್ದರು. ನಾನು ನಾಲ್ಕನೆಯ ಇಯತ್ತೆಯಲ್ಲಿದ್ದ ವರ್ಷ ಆ ಪಾಳಿ ನನಗೆ ಬಂತು.

ಹಬ್ಬಕ್ಕೆ ಕೆಲವು ದಿನ ಮೊದಲು ಅಕ್ಕೋರು ಕಬ್ಬಿಣದ ಟ್ರಂಕಿನಿಂದ ಪುಸ್ತಕ ತೆಗೆದು ಚಾಪೆಯ ಮೇಲೆ ಹರವಿದರು. ಡಾಂಬರು ಗುಳಿಗೆಯ ವಾಸನೆ. ಪುಸ್ತಕ ಆರಿಸಲಿಕ್ಕೆ ಅವರದೊಂದು ಪದ್ಧತಿ ಇತ್ತು. ಒಬ್ಬರು ಪುಸ್ತಕವನ್ನು ಎದೆಗೆ ಹಿಡಿದು ನಿಲ್ಲಬೇಕು, ಇನ್ನೊಬ್ಬರು ಪಡಸಾಲೆಯ ಆ ತುದಿಯ ಕಂಬಕ್ಕೆ ಹೋಗಿ, ಅಲ್ಲಿಂದ ಚಿತ್ರ ಕಾಣುತ್ತದೋ ಇಲ್ಲವೋ ನೋಡಬೇಕು. ಕಾಣದಿದ್ದರೆ ಅದು ತಿರುಗಿ ಟ್ರಂಕಿಗೆ.

ಕಂಬದಿಂದ ಕಂಡದ್ದು ಎರಡೇ ಪುಸ್ತಕ. ಒಂದು ನಮ್ಮ ಕಡೆಯದೇ. ಹಸಿರು, ಕಪ್ಪು ಎರಡೇ ಬಣ್ಣ. ಬೇವಿನ ಗಿಡ, ಮಾವಿನ ಹೂ, ಒಂದು ಕೋಗಿಲೆ. ಇನ್ನೊಂದು ವರ್ಷಕ್ಕೊಮ್ಮೆ ವ್ಯಾನಿನಲ್ಲಿ ಪುಸ್ತಕ ಮಾರಲು ಬರುವವರಿಂದ ಕೊಂಡದ್ದು. ಅಕ್ಷರ ಕನ್ನಡದವು, ಚಿತ್ರ ಯಾವುದೋ ದೂರದ ದೇಶದವು. ಕೆಂಪು ಟೊಪ್ಪಿಗೆ ಹಾಕಿದ ಹುಡುಗಿ, ನೀಲಿ ಬಾಗಿಲಿನ ಮನೆ, ಊರ ತುಂಬ ಬೆಳ್ಳಗೆ ಬಿದ್ದ ರಾಶಿ. ಕಾಗದ ಎಷ್ಟು ನುಣುಪೆಂದರೆ ಕೈ ಆಡಿಸಿದರೆ ಹಾಲಿನ ಕೆನೆ ಮುಟ್ಟಿದಂತೆ.

“ನನಗ ಇದು ಬೇಕ್ರಿ,” ಎಂದೆ.

“ಚೆಂದ ಐತಿ ಖರೇ. ಆದರ ಸಣ್ಣವರಿಗೆ ತಿಳಿಯೋದು ಬೇವಿನ ಗಿಡ ನೋಡವ್ವಾ.”

“ಬೇವಿನ ಗಿಡ ಮನಿ ಮುಂದನ ಐತೆಲ್ರಿ ಅಕ್ಕೋರ. ಪುಸ್ತಕದಾಗ ಯಾಕ ಬೇಕ್ರಿ?”

ಅಕ್ಕೋರು ನಕ್ಕರು. “ಭಾಳ ಶಾಣ್ಯಾಕಿ ಅದೀ. ತಗೋ. ಒಂದ ಮಾತು, ಹುಡುಗ್ರು ನಡಕ ಏನರ ಕೇಳಿದ್ರ ಬಾಯಿ ಮುಚ್ಚಿಕೊಂಡು ಕುಂದ್ರಬ್ಯಾಡ. ನೀ ಕಣ್ಣಿಲೆ ಏನ್ ಕಂಡೀಯೋ ಅದನ್ನ ಹೇಳು.”

ಆ ಮಾತನ್ನು ನಾನು ಕಟ್ಟಿಕೊಂಡು ಬಂದೆ. ಗಜಗದ ಆಟ ಬಿಟ್ಟು ದಿನಾ ಓದಿದೆ. ಅಪ್ಪನಿಗೂ ಹೇಳಿದೆ. ಅಪ್ಪ ಹತ್ತಿ ವ್ಯಾಪಾರಿ. ರೈತರಿಂದ ಹತ್ತಿ ಕೊಂಡು ಊರ ಹೊರಗಿನ ನಮ್ಮ ವಖಾರಿಯಲ್ಲಿ ತುಂಬಿಸಿಟ್ಟು, ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನವರಿಗೆ ಮಾರುತ್ತಿದ್ದ. ಹೆಚ್ಚಿನ ಹತ್ತಿ ಹೋಗುತ್ತಿದ್ದದ್ದು ನಮ್ಮದೇ ಓಣಿಯ ಮಲ್ಲಪ್ಪ ಕಾಕಾನ ಜಿನ್ನಿಗೆ. ಕಾಕಾ, ಅಪ್ಪ ಒಂದೇ ತಾಟಿನಲ್ಲಿ ಚುರುಮರಿ ತಿನ್ನುವಷ್ಟು ಸ್ನೇಹಿತರು. ಬೇರೆಯವರ ಹತ್ತಿ ತುಂಬಿದ ಅಂಡಿಗೆ ಚೀಲ ಬಂದರೆ ಕಾಕಾ ಒಳಗೆ ಮೊಣಕೈತನಕ ಕೈ ಹಾಕಿ ಹಿಂಜಿ ನೋಡುತ್ತಿದ್ದ. ಅಪ್ಪನ ಅಂಡಿಗೆಗಳನ್ನು ಮಾತ್ರ ಮುಟ್ಟುತ್ತಿರಲಿಲ್ಲ. “ನಿಮ್ಮಪ್ಪನ ಹತ್ತಿ ನೋಡೋದಂದ್ರ ನಿಮ್ಮಪ್ಪನ್ನ ನೋಡಿದಂಗ,” ಎಂದು ನನ್ನ ಮುಂದೆಯೇ ಒಮ್ಮೆ ಹೇಳಿದ್ದ. ಆ ಮಾತು ಕೇಳಿ ಅಪ್ಪ ಪಂಚೆಯ ಚುಂಗು ಹಿಡಿದು ಸುಮ್ಮನೆ ನಕ್ಕಿದ್ದ.

ಯುಗಾದಿಯ ದಿನ ಪಡಸಾಲೆ ತುಂಬಿತು. ಮುಂದೆ ಚಿಕ್ಕವರು, ಅವರ ಹಿಂದೆ ಅವ್ವಂದಿರು, ಬಾಗಿಲ ಹತ್ತಿರ ಗಂಡಸರು. ಅಪ್ಪ ಹೊಸ ಧೋತರ ಉಟ್ಟು ಮಲ್ಲಪ್ಪ ಕಾಕಾನ ಪಕ್ಕದಲ್ಲಿ ಕೂತಿದ್ದ. ನಾನು ಪುಸ್ತಕವನ್ನು ಎದೆಗೆ ಹಿಡಿದು ಶುರು ಮಾಡಿದೆ.

“ವಸಂತ ಬಂದಿತು. ಬಿಸಿಲು ಬಿದ್ದಿತು. ಊರಿನ ಹಿಮವೆಲ್ಲ ಕರಗತೊಡಗಿತು.”

ಮುಂದಿನ ಸಾಲಿನಲ್ಲಿದ್ದ ಕಿರಾಣಿ ಅಂಗಡಿಯವರ ಬಸು ಬೆರಳಿನಿಂದ ಆ ಬಿಳಿ ರಾಶಿ ತೋರಿಸಿದ. “ಇದು ಏನಬೇ?”

ಹಿಮಾಲಯ ಎಂದರೆ ದೊಡ್ಡ ಪರ್ವತ ಎಂದು ನನಗೆ ಪಾಠದಲ್ಲಿ ಬಂದಿತ್ತು. ಹಿಮ ಎಂದರೇನು ಎಂದು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ನಾನು ತಡವರಿಸುವಷ್ಟರಲ್ಲಿ ಬಸುನೇ ಹೇಳಿದ, “ಹತ್ತಿ ಐತಿ.”

ಎಷ್ಟು ದಿನ ಓದಿದರೂ ನನಗೆ ಅದು ಹೊಳೆದಿರಲಿಲ್ಲ. ಈಗ ನೋಡಿದರೆ ಖರೇನೇ ನಮ್ಮ ವಖಾರಿಯ ಅಂಗಳದ ಹಾಗೇ ಕಂಡಿತು. “ಹೌದು, ಹತ್ತಿ,” ಎಂದೆ.

“ಹತ್ತಿ ಕರಗತೈತೇನು?” ಬಸು ಮತ್ತೆ ಕೇಳಿದ.

ಹಿಂದೆ ಯಾರೋ ಕಿಸಕ್ಕೆಂದರು. ಹತ್ತಿಯ ಮನೆಯ ಮಗಳು ನಾನು, ಹತ್ತಿಯ ಬಗ್ಗೆ ಕೇಳಿದರೆ ಹೇಳದೆ ಇರುವುದುಂಟೇ. ಅಕ್ಕೋರ ಮಾತೂ ನೆನಪಿತ್ತು. ಕಣ್ಣಿಲೆ ಕಂಡದ್ದನ್ನು ಹೇಳಿದೆ, ಕಂಬದ ತನಕ ಕೇಳುವ ಹಾಗೆ.

“ಹತ್ತ್ಯಾಗ ನೀರ ಇರತೈತೆಲೇ. ನಮ್ಮ ವಖಾರ್ಯಾಗ ಸಂಜಿ ಮುಂದ ಹಮಾಲ ಫಕೀರಪ್ಪ ಹತ್ತಿ ಮ್ಯಾಲ ಕೊಡದಿಂದ ನೀರ ಹೊಡಿತಾನ. ಅದು ಎಲ್ಲಾ ನೀರ ಕುಡಿತೈತಿ. ಮುಂಜಾನಿ ಅಂಡಿಗಿ ತುಂಬಿ ಕಾಕಾನ ಜಿನ್ನಿಗೆ ಕಳಸ್ತಾರ. ಬಿಸಲ ಬಿದ್ರ ಆ ನೀರ ಹೊರಗ ಬರತೈತಿ. ಹೌದಲ್ಲ, ಅಪ್ಪಾ?”

ನೀರು ಕುಡಿದ ಹತ್ತಿ ಹೆಚ್ಚು ತೂಗುತ್ತದೆ. ಹತ್ತಿಪೇಟೆಯ ಯಾವ ಹಮಾಲನಿಗೂ ಗೊತ್ತಿದ್ದ ಮಾತು ಅದು. ಆ ಪಡಸಾಲೆಯಲ್ಲಿ ಅದು ಗೊತ್ತಿರದಿದ್ದವರು ಮುಂದಿನ ಸಾಲಿನ ಚಿಕ್ಕವರು ಮತ್ತು ನಾನು.

ಅಪ್ಪನ ಮುಖ ನೋಡಿದೆ. ನಗು ಹಾಗೇ ಇತ್ತು, ಆದರೆ ಅದನ್ನು ತೆಗೆಯಲು ಮರೆತು ಹೋಗಿದ್ದವನ ಹಾಗೆ. ಮಲ್ಲಪ್ಪ ಕಾಕಾ ತನ್ನ ಪಾನಕದ ಲೋಟದೊಳಗೆ ನೋಡುತ್ತಿದ್ದ. ಅಕ್ಕೋರು ಎದ್ದು ಬಂದು ನನ್ನ ಕೈಯಲ್ಲಿದ್ದ ಪುಸ್ತಕದ ಪುಟವನ್ನು ತಾವೇ ತಿರುವಿದರು.

“ಮುಂದ ಓದವ್ವಾ,” ಎಂದರು.

ಓದಿದೆ. ಹಕ್ಕಿ ಬಂದವು, ಹೂ ಅರಳಿದವು. ಯಾರೋ ಚಪ್ಪಾಳೆ ತಟ್ಟಿದರು. ಮಂದಿ ಏಳುವಾಗ ಕಾಕಾ ಅಪ್ಪನ ಬೆನ್ನ ಮೇಲೆ ಕೈ ಇಟ್ಟು, “ಮಗಳು ಭಾಳ ಛಲೋ ಓದ್ತಾಳ ಬಿಡೋ. ಏನೂ ಮುಚ್ಚೂದಿಲ್ಲ,” ಎಂದ. ಸುತ್ತಲಿನವರು ನಕ್ಕರು. ಅಪ್ಪನೂ ನಕ್ಕ.

ಮನೆಗೆ ಹೋಗುವಾಗ ಅಪ್ಪ ನನ್ನ ಕೈ ಹಿಡಿದಿದ್ದ. ಬಿಸಿಲಿಗೆ ಡಾಂಬರು ಮೆತ್ತಗಾಗಿತ್ತು.

“ಛಲೋ ಓದಿದ್ನೇನು, ಅಪ್ಪಾ?”

“ಛಲೋ ಓದಿದಿ.” ಸ್ವಲ್ಪ ದೂರ ನಡೆದ ಮೇಲೆ ಹೇಳಿದ, “ಅದು ಹತ್ತಿ ಅಲ್ಲವಾ. ಬರ್ಫ. ಥಂಡಿ ದೇಶದಾಗ ಮ್ಯಾಲಿಂದ ಬೀಳತೈತಿ.”

“ಹಂಗಾರ ಹತ್ತಿಗೆ ನೀರ ಯಾಕ ಹೊಡಿತಾನ ಫಕೀರಪ್ಪ?”

ಅಪ್ಪ ನನ್ನ ಕಡೆ ನೋಡಲಿಲ್ಲ. “ಧೂಳ ಏಳತೈತಿ ಅಂತ,” ಎಂದ.

ಅವನ ಅಂಗೈ ಬೆವತಿತ್ತು. ಅದು ಸುಳ್ಳು ಎಂದು ನನಗೆ ಆಗಲೇ ಗೊತ್ತಾಯಿತು. ಹೇಗೆ ಎಂದು ಕೇಳಿದರೆ ಹೇಳಲಾರೆ, ಮಕ್ಕಳಿಗೆ ಗೊತ್ತಾಗುತ್ತದೆ. “ಹೌದೌದು, ಭಾಳ ಧೂಳ ಇರತೈತಿ,” ಎಂದೆ.

ಹಬ್ಬ ಮುಗಿದ ಮೇಲೆ ಒಂದು ಮಧ್ಯಾಹ್ನ ಅವ್ವ ನನ್ನ ಕೈಯಲ್ಲಿ ಬುತ್ತಿ ಕೊಟ್ಟು ವಖಾರಿಗೆ ಕಳಿಸಿದಳು. ಅಂಗಳದಲ್ಲಿ ಲಾರಿ ನಿಂತಿತ್ತು, ಮಲ್ಲಪ್ಪ ಕಾಕಾ ಬಂದಿದ್ದ. ಏನೋ ಚೇಷ್ಟೆಯ ಮಾತಾಡುತ್ತಲೇ ಅಂಗಿಯ ತೋಳು ಮೇಲೆ ಸರಿಸಿ, ಅಪ್ಪನ ಅಂಡಿಗೆಯೊಳಗೆ ಮೊಣಕೈತನಕ ಕೈ ಹಾಕಿದ. ಹೊರಗೆ ತೆಗೆದು ಹಿಡಿ ಹತ್ತಿಯನ್ನು ಹಿಂಡಿ, ಮೂಸಿ ನೋಡಿದ. ಮುಂದಿನ ಅಂಡಿಗೆಗೂ ಹಾಗೇ. ಹಮಾಲರು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ನೀರಿನ ಕೊಡ ಮೂಲೆಯಲ್ಲಿ ಬೋರಲು ಬಿದ್ದಿತ್ತು.

ಆ ದಿನ ಹತ್ತಿ ಒಣಗಿತ್ತು. ಕಾಕಾ ಅಂಗೈ ಒರೆಸಿಕೊಂಡು, “ಛಲೋ ಐತಿ,” ಎಂದ. ಅಪ್ಪ ಕೈ ಕಟ್ಟಿಕೊಂಡು ನಿಂತಿದ್ದ, ಸಾಲಿಯಲ್ಲಿ ಪಾಟಿ ತೋರಿಸಲು ನಿಂತ ಹುಡುಗನಂತೆ. ಆಗ ನನ್ನನ್ನು ಕಂಡ.

“ಬುತ್ತಿ ಅಲ್ಲಿಟ್ಟು ಲಗೂನ ಮನಿಗೆ ಹೋಗವ್ವಾ,” ಎಂದ. “ಬಿಸಲ ಐತಿ.”

ಅವನು ನನಗೆ ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನಿಸಿದೆ. ಕಾಕಾ ಕೊನೆಯವರೆಗೂ ಅಪ್ಪನ ಹತ್ತಿ ಕೊಂಡ, ಕೊನೆಯವರೆಗೂ ಕೈ ಹಾಕಿ ನೋಡಿದ. ಚುರುಮರಿ ತಾಟು ಬೇರೆ ಬೇರೆಯಾಯಿತು. ಅಪ್ಪ ಮಾಡಿದ್ದು ತಪ್ಪು, ಅದಕ್ಕೆ ನನಗೆ ನಾಚಿಕೆ ಇದೆ. ಖರೇ ಮಾತನಾಡಿದ್ದಕ್ಕೆ ನಾಚಬೇಕಿಲ್ಲ ಎಂಬುದೂ ಗೊತ್ತು. ಆದರೂ ಅಂಗಳದಲ್ಲಿ ಕೈಕಟ್ಟಿ ನಿಂತ ಅಪ್ಪ ಕಣ್ಣ ಮುಂದೆ ಬಂದಾಗ, ಆ ದಿನ ನನ್ನ ಬಾಯಿಗೆ ಬೇರೆ ಏನಾದರೂ ಬರಬಾರದಿತ್ತೇ ಎಂದೇ ಅನಿಸುತ್ತದೆ. ಹಾಗೆ ಅನಿಸಿದ್ದಕ್ಕೆ ಮತ್ತೆ ನಾಚಿಕೆ.

ಈಗ ಅಪ್ಪ ಇಲ್ಲ, ಕಾಕಾನೂ ಇಲ್ಲ. ವಖಾರಿಯ ಜಾಗದಲ್ಲಿ ಮೋಟರ್‌ಸೈಕಲ್ ಮಾರುವ ಅಂಗಡಿ ಬಂದಿದೆ. ನಾನು ರಾಯಾಪುರದಲ್ಲಿದ್ದೇನೆ. ಓಣಿಯ ಅಂಗನವಾಡಿಗೆ ಬಿಡುವಿದ್ದಾಗ ಹೋಗಿ ಚಿಕ್ಕವರಿಗೆ ಓದಿ ಹೇಳುತ್ತೇನೆ. ಪುಸ್ತಕ ಆರಿಸುವಾಗ ಈಗಲೂ ಒಬ್ಬರನ್ನು ಗೋಡೆಯ ಆ ತುದಿಗೆ ಕಳಿಸಿ, ಚಿತ್ರ ಕಾಣುತ್ತದೇನು ಎಂದು ಕೇಳುತ್ತೇನೆ. ಆದರೆ ಅದಕ್ಕೂ ಮೊದಲು ಮನೆಯಲ್ಲಿ ಒಬ್ಬಳೇ ಕೂತು, ಈ ಪುಟದಲ್ಲಿ ಮಗು ಏನು ಕೇಳಬಹುದು, ಯಾರ ಮುಂದೆ ಕೇಳಬಹುದು ಎಂದು ಹಾಳೆ ಹಾಳೆ ನೋಡುತ್ತೇನೆ. ಈ ಸಲದ ಯುಗಾದಿಗೆ ಬೇವು, ಮಾವು ಇದ್ದ ಹೊಸ ಪುಸ್ತಕವೊಂದನ್ನೇ ಆರಿಸಿದೆ. ಅದರಲ್ಲಿ ಹೊಲದ ಚಿತ್ರವೊಂದಿತ್ತು. ಕೊನೆಯ ಬಿಡಿಸುವಿಕೆಗೆ ಉಳಿದ ಗಿಡಗಳು, ಬಾಯಿಬಿಟ್ಟ ಕಾಯಿ, ಬೆಳ್ಳಗೆ.

“ಸ್ನೋ,” ಎಂದಿತು ಮುಂದೆ ಕೂತ ಒಂದು ಮಗು. ಫೋನಿನಲ್ಲಿ ದಿನಾ ನೋಡುತ್ತದೆ.

“ಸ್ನೋ ಅಲ್ಲವಾ. ಇದು ಹತ್ತಿ.”

“ನೀವು ನೋಡೀರೇನ್ರಿ, ಆಂಟಿ?”

“ನೋಡೇನಿ.”

“ಹೆಂಗ ಇರತೈತ್ರಿ?”

ಒಳಗೆ ಮೊಣಕೈತನಕ ಕೈ ಹಾಕಿದರೆ ಬೆಚ್ಚಗಿರುತ್ತದೆ, ಒಣಗಿದ್ದರೆ. ನೀರು ಕುಡಿದಿದ್ದರೆ ತಣ್ಣಗೆ, ಬೆವತ ಅಂಗೈ ಮುಟ್ಟಿದ ಹಾಗೆ. ನಾಲ್ಕನೆಯ ಇಯತ್ತೆಯ ಆ ಹುಡುಗಿಯಾಗಿದ್ದರೆ ಕಂಬದ ತನಕ ಕೇಳುವ ಹಾಗೆ ಹೇಳುತ್ತಿದ್ದಳು.

“ಮೆತ್ತಗ ಇರತೈತಿ,” ಎಂದು ಹೇಳಿ ನಾನು ಪುಟ ತಿರುವಿದೆ.