ಒದ್ದಿದ್ದು ಒಂದೇ ಸಲ

ಆ ಬಸ್ ಸ್ಟ್ಯಾಂಡಿನಲ್ಲಿ ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ಸೈರನ್ ಎಂದರೆ ಸಾಕಿತ್ತು. "ಒಳಗೆ ಸರೀರಿ, ಬಾಗಿಲನ್ನೇನು ಮದುವೆ ಆಗಿದ್ದೀರಾ?" ಎಂದು ಗದರಿದರೆ ಕೊನೆಯ ಸೀಟಿನಲ್ಲಿ ತೂಕಡಿಸುವವರೂ ಬೆಚ್ಚಿ ಎದ್ದು ಜಾಗ ಬಿಡುತ್ತಿದ್ದರು. ಕಂಡಕ್ಟರ್ ಕೆಲಸಕ್ಕೆ ಸೇರಿದ ಹೊಸದರಲ್ಲಿ ಸೊಂಟಕ್ಕೆ ಕೈ ಹಾಕಿದವನೊಬ್ಬನ ಹಲ್ಲನ್ನು ಟಿಕೆಟ್ ಮೆಷಿನ್ನಿನಲ್ಲೇ ಹೊಡೆದು ಉದುರಿಸಿದ್ದಳು. ಗಂಡ ಕ್ಷೌರದಂಗಡಿಯವನು, ಮಿತಭಾಷಿ. "ನನ್ನ ಪಾಲಿನ ಮಾತೂ ಅವಳೇ ಆಡ್ಬಿಡ್ತಾಳೆ" ಎಂದು ಗಿರಾಕಿಗಳ ಗಲ್ಲಕ್ಕೆ ಸೋಪು ಹಚ್ಚುತ್ತಾ ನಗುತ್ತಿದ್ದ.

ಒಂದು ಮಧ್ಯಾಹ್ನ ಬಸ್ಸು ಸ್ಟ್ಯಾಂಡಿನೊಳಗೆ ತಿರುಗುವಾಗ ಬೈಕೊಂದರ ಕನ್ನಡಿಗೆ ತಗುಲಿತು. ಬೈಕಿನವನು ನುಗ್ಗಿ ಬಂದು ಡ್ರೈವರನ್ನು ಕೆಳಗೆಳೆದ. ನಿವೃತ್ತಿಯ ಹೊಸ್ತಿಲಲ್ಲಿದ್ದ ಮುದುಕ ಡ್ರೈವರ್ ಕೈಮುಗಿದರೂ ಬಿಡದೆ ಹೆಲ್ಮೆಟ್ಟಿನಿಂದ ತಲೆಗೆ ಚಚ್ಚತೊಡಗಿದ. ಜನ ಸುತ್ತ ನಿಂತು ನೋಡುತ್ತಿದ್ದರು. ಸೈರನ್ ಇಳಿದವಳೇ ಅವನ ಕಾಲರ್ ಹಿಡಿದಳು. ಅವನು ತಿರುಗಿ ಬೂಟುಗಾಲಿನಿಂದ ಅವಳ ಹೊಟ್ಟೆಗೆ ಝಾಡಿಸಿ ಒದ್ದ.

ಬಸ್ಸಿನ ಮೆಟ್ಟಿಲ ಕಬ್ಬಿಣಕ್ಕೆ ಬೆನ್ನು ಬಡಿದು ಬಿದ್ದಳು. ಕಾಲರ್ ಮಾತ್ರ ಬಿಡಲಿಲ್ಲ. ಆಗ ಜನಕ್ಕೆ ಧೈರ್ಯ ಬಂತು, ಅವನನ್ನು ಹಿಡಿದು ಹಣ್ಣುಗಾಯಿ ನೀರುಗಾಯಿ ಮಾಡಿ ಪೊಲೀಸರಿಗೆ ಕೊಟ್ಟರು. ಡ್ರೈವರನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಅವಳನ್ನೂ ಕರೆದರು. "ನನಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಿ" ಎಂದಳು.

ಮರುದಿನ ಬೆಳಗ್ಗೆ ಅವಳ ಹೊಟ್ಟೆ ಹಲಗೆಯಂತೆ ಬಿಗಿದಿತ್ತು. ಗಂಡ ಆಟೋದಲ್ಲಿ ಹಾಕಿಕೊಂಡು ಓಡಿದ. ಸ್ಕ್ಯಾನ್ ನೋಡಿದ ಡಾಕ್ಟರಮ್ಮ ಸುತ್ತಿ ಬಳಸಿ ಹೇಳಲಿಲ್ಲ.

"ದೊಡ್ಡ ಕರುಳು ಒಡೆದಿದೆ. ಮಲ ಹೊಟ್ಟೆ ತುಂಬ ಹರಡಿದೆ. ಈಗಲೇ ಕೊಯ್ಯಬೇಕು."

"ಬದುಕ್ತಾಳಾ ಮೇಡಂ?"

"ಕೊಯ್ದರೆ ಬದುಕಬಹುದು. ಕೊಯ್ಯದಿದ್ದರೆ ಇಲ್ಲ."

ಒಡೆದ ಭಾಗವನ್ನು ಕತ್ತರಿಸಿ ತೆಗೆದು ಉಳಿದ ಎರಡು ತುದಿಗಳನ್ನು ಸೇರಿಸಿ ಹೊಲಿದರು. ಕೆಲವು ದಿನ ಎಲ್ಲ ಸರಿಹೋಯಿತೆನ್ನಿಸಿತು. ಆಮೇಲೆ ಜ್ವರ ನೆತ್ತಿಗೇರಿತು. ಹೊಲಿಗೆ ಬಿಟ್ಟು ಒಳಗೆ ಸೋರುತ್ತಿತ್ತು. ನಂಜು ರಕ್ತಕ್ಕೇರಿ ಅವಳ ಪ್ರಜ್ಞೆ ಕದಡಿತು. ಹಣೆ ಒರೆಸಲು ಬಗ್ಗಿದ ಗಂಡ ಅವಳ ಕಣ್ಣಿಗೆ ಬೈಕಿನವನಾಗಿ ಕಂಡ. ಮೂಗಿನ ನಳಿಕೆ ಕಿತ್ತೆಸೆದು ಮುಷ್ಟಿ ಬಿಗಿದು ಗುದ್ದಿದಳು. ಅವನ ಮೂಗು ಒಡೆದು ರಕ್ತ ಹಾಸಿಗೆಗೆಲ್ಲ ಚೆಲ್ಲಿತು. ನರ್ಸುಗಳು ಅವಳ ಕೈ ಕಟ್ಟಲು ಬಂದರೆ ಒಬ್ಬಳ ಮಣಿಕಟ್ಟು ಕಚ್ಚಿದಳು.

"ಕಟ್ಟಬೇಡಿ ಸಿಸ್ಟರ್, ನಾನು ಹಿಡ್ಕೋತೀನಿ" ಎಂದ ಗಂಡ, ಮೂಗಿಗೆ ಹತ್ತಿ ತುರುಕಿಕೊಂಡು.

ಮತ್ತೆ ಹೊಟ್ಟೆ ತೆರೆದರು. ಈ ಸಲ ಕರುಳ ತುದಿಯನ್ನು ಹೊಟ್ಟೆಯ ಎಡಕ್ಕೆ ಹೊರತಂದು ಮಲ ಬೀಳಲು ಚೀಲ ಅಂಟಿಸಿದರು. ಪ್ರಜ್ಞೆ ಮರಳಿ ಅದನ್ನು ನೋಡಿದಾಗ ಅವಳು ಕೈಗೆ ಸಿಕ್ಕ ತಟ್ಟೆಯನ್ನು ಗೋಡೆಗೆ ಬೀಸಿ ಒಗೆದಳು. ಅಷ್ಟಕ್ಕೇ ಮುಗಿಯಲಿಲ್ಲ. ಗಾಯ ಕೀವುಗಟ್ಟಿತ್ತು. ಒಂದು ಬೆಳಗ್ಗೆ ಕೆಮ್ಮು ಒತ್ತರಿಸಿ ಬಂದು ಹೊಲಿಗೆ ಪಟಪಟನೆ ಕಿತ್ತು, ಕರುಳು ಹೊರಗಿಣುಕಿತು. ಗಂಡ ಎರಡೂ ಕೈಯಲ್ಲಿ ಒಳಗೆ ತಳ್ಳಲು ಹೋದ. "ತಳ್ಳಬೇಡಿ!" ಎಂದು ಕಿರುಚಿದ ನರ್ಸು ಒದ್ದೆ ಬಟ್ಟೆ ಮುಚ್ಚಿ ಆಪರೇಷನ್ ಥಿಯೇಟರಿಗೆ ಗಾಡಿ ತಳ್ಳಿಕೊಂಡು ಓಡಿದಳು. ಮೂರನೆಯ ಸಲವೂ ಅವಳು ಜೀವಂತವಾಗಿ ಹೊರಬಂದಳು.

ಮನೆಯಲ್ಲಿ ಚೀಲ ಬದಲಿಸಲು ಗಂಡ ಕೂತರೆ ಮೊಣಕೈಯಿಂದ ತಿವಿಯುತ್ತಿದ್ದಳು. "ಮುಟ್ಟಬೇಡ. ಅಸಹ್ಯ."

"ನಿಂಗೆ ಅಸಹ್ಯ ಆದ್ರೆ ಆ ಕಡೆ ನೋಡು. ದಿನಾ ಊರವರ ತಲೆಹೊಟ್ಟು ತೆಗೆಯೋ ನನಗೇನು?" ಎನ್ನುತ್ತಾ ಅವನು ಸುತ್ತಲಿನ ಚರ್ಮ ಒರೆಸಿ, ಹೊಸ ಚೀಲದ ಅಂಚನ್ನು ಬೆರಳಿನಿಂದ ಒತ್ತಿ ಕೂರಿಸುತ್ತಿದ್ದ. ಅವಳು ಗೋಡೆ ನೋಡುತ್ತಾ ಹಲ್ಲು ಕಚ್ಚುತ್ತಿದ್ದಳು.

ಕೋರ್ಟಿನಲ್ಲಿ ಬೈಕಿನವನ ವಕೀಲ, ಒಂದು ಒದೆಗೆ ಮೂರು ಆಪರೇಷನ್ ಹೇಗಾಗುತ್ತದೆ, ಇದೆಲ್ಲ ಡಾಕ್ಟರುಗಳ ಎಡವಟ್ಟು ಎಂದ. ಕರುಳು ಒಡೆದು ಹೊಲಸು ಹರಡಿದಾಗ ಹೊಲಿಗೆ ನಿಲ್ಲದಿರುವುದು, ಗಾಯ ಬಿಚ್ಚುವುದು ಉಂಟು ಎಂದು ಡಾಕ್ಟರಮ್ಮ ವಿವರಿಸಿದರು. ಅಂದೇ ಬಂದಿದ್ದರೆ ಇಷ್ಟಾಗುತ್ತಿತ್ತೇ ಎಂದು ವಕೀಲ ಕೇಳಿದ.

"ಬಹುಶಃ ಆಗುತ್ತಿರಲಿಲ್ಲ" ಎಂದರು ಅವರು, ಅವಳ ಕಡೆ ನೋಡದೆ.

ಆ ಮಾತು ಸೈರನ್‌ಗೆ ಚುಚ್ಚಿತು. ಎದ್ದು ನಿಂತಳು. "ತಡ ಮಾಡಿದ್ದು ನಾನೇ ಸ್ವಾಮಿ. ಒದ್ದಿದ್ದು ನಾನಲ್ಲ."

ಬೈಕಿನವನಿಗೆ ಜೈಲಾಯಿತು. ಹೊರಗಿನ ಹಜಾರದಲ್ಲಿ ಪೊಲೀಸರ ನಡುವೆ ಹೋಗುತ್ತಾ ಅವನು ಅವಳ ಹೊಟ್ಟೆ ನೋಡಿ ಮೂಗು ಮುಚ್ಚಿಕೊಂಡ. ಅವಳು ಹಾರಿ ಕಪಾಳಕ್ಕೆ ಬಾರಿಸಿದಳು. ಏಟು ಬಿತ್ತು, ಸದ್ದೂ ಆಯಿತು. ಆದರೆ ಹೊಲಿದ ಜಾಗದಲ್ಲಿ ಉಬ್ಬಿ ನಿಂತಿದ್ದ ಹರ್ನಿಯಾ ಜಗ್ಗಿ, ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕುಸಿದಳು. ಕಂಬಕ್ಕೊರಗಿಸಿ ಕೂರಿಸಿದ ಗಂಡ ಮೊದಲು ನೋಡಿದ್ದು ಚೀಲ ಬಿಟ್ಟಿತೇ ಎಂದು.

ಕರುಳನ್ನು ಮತ್ತೆ ಜೋಡಿಸಿ ಚೀಲ ತೆಗೆಯಬಹುದು, ಹರ್ನಿಯಾನೂ ಆಗಲೇ ಸರಿಮಾಡಬಹುದು ಎಂದರು ಡಾಕ್ಟರಮ್ಮ.

"ಈ ಸಲ ಸೋರಲ್ಲ ಅಂತ ಹೇಳ್ತೀರಾ?"

"ಹಾಗೆ ಯಾರೂ ಹೇಳಕ್ಕಾಗಲ್ಲಮ್ಮ."

"ಹಾಗಾದ್ರೆ ಇದು ಇಲ್ಲೇ ಇರ್ಲಿ ಬಿಡಿ. ಇನ್ನು ನನ್ನ ಮೇಲೆ ಚಾಕು ಬೀಳೋದು ಬೇಡ" ಎಂದು ಹರ್ನಿಯಾಕ್ಕೆ ಕಟ್ಟಿದ್ದ ಸೊಂಟಪಟ್ಟಿ ಬಿಗಿದುಕೊಂಡಳು. ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಗಂಡ ಅವಳ ಕೈ ಹಿಡಿದು ನಿಂತು, ಓಡಾಡುವವರ ನಡುವೆಯೇ ಗೊಳೋ ಎಂದು ಅತ್ತುಬಿಟ್ಟ.