ಮೀನೆಣ್ಣೆ ಸವರಿದ ಕಾಳು

ಮೀನಿನ ಪುಡಿಯ ವಾಸನೆ ಯಾರಿಗೆ ಬೇಕು ಹೇಳಿ? ಪುಡಿಯಕ್ಕನಿಗೆ ಬೇಕು. ಈಗಲೂ ಎಲ್ಲಿಂದಲಾದರೂ ಒಣಮೀನಿನ ಗಾಳಿ ಬೀಸಿದರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ನಿಂತುಬಿಡುತ್ತಾಳೆ. ಸಿಗಡಿ ಮೇವಿಗೆ ಮೀನಿನ ಪುಡಿ ಮಾಡುವ ಅಂಗಳದಲ್ಲಿ ಪ್ರಾಯವನ್ನೆಲ್ಲ ಕಳೆದವಳು. ಹೆಸರೂ ಅಲ್ಲಿಂದಲೇ ಅಂಟಿಕೊಂಡದ್ದು.

ಸಣ್ಣ ಮೀನುಗಳನ್ನು ಚಾಪೆಯ ಮೇಲೆ ಹರಡಿ, ಬಿಸಿಲೇರಿದಂತೆ ಮಗುಚಿ, ಒಣಗಿದ್ದನ್ನು ಗಿರಣಿಗೆ ಸುರಿಯುವುದು ಹೆಂಗಸರ ಕೆಲಸ. ಕೈ ಮೀನಿನ ಮೇಲೆ, ಬಾಯಿ ಊರ ಮೇಲೆ. ಗಂಡ ತೀರಿಕೊಂಡಾಗ ಪುಡಿಯಕ್ಕ ಮನಸಾರೆ ಅತ್ತದ್ದೂ ಅಲ್ಲೇ, ಜೊತೆಗೇ ದುಡಿಯುತ್ತಿದ್ದ ನಾದಿನಿಯ ಹೆಗಲಿಗೆ ಒರಗಿ. ಮನೆಯಲ್ಲಿ ಅಳುವುದಕ್ಕೆ ಪುರುಸೊತ್ತು ಎಲ್ಲಿತ್ತು? ಆದರೂ ಎಂಥ ಚೆಂದದ ದಿನಗಳು ಅವು.

ಬರಬರುತ್ತಾ ಸಮುದ್ರದಲ್ಲಿ ಸಣ್ಣ ಮೀನು ಕಡಿಮೆಯಾಯಿತು. ಅಂಗಳದ ಜೊತೆ ಸಿಗಡಿ ಕೊಳಗಳನ್ನೂ ನಡೆಸುತ್ತಿದ್ದ ಯಜಮಾನರು ಮೀನಿನ ಪುಡಿಯ ಬದಲಿಗೆ ಸೋಯಾ ಹಿಂಡಿಯ ಮೇವು ತರಿಸಿದರು.

"ಒಂದು ಕೊಳದಲ್ಲಿ ಹಾಕಿ ನೋಡೋಣ. ಸಿಗಡಿ ತಿಂದ್ರೆ ಅಂಗಳ ಮುಚ್ಚೋದು. ತಿನ್ನದಿದ್ರೆ ಮೊದಲಿನ ಹಾಗೇ ನಡೀಲಿ."

ಮೇವಿನ ಕಾಳನ್ನು ಜಾಲರಿ ತಟ್ಟೆಯಲ್ಲಿಟ್ಟು ನೀರಿಗಿಳಿಸಿ, ಆಮೇಲೆ ಎತ್ತಿ ಎಷ್ಟು ಉಳಿದಿದೆಯೆಂದು ನೋಡುವ ಕೆಲಸ ಪುಡಿಯಕ್ಕನ ಪಾಲಿಗೆ ಬಂತು. ಬೆಕ್ಕನ್ನೇ ಹಾಲಿನ ಕಾವಲಿಗಿಟ್ಟ ಹಾಗೆ.

ದಿನಾ ತಟ್ಟೆ ಇಳಿದಷ್ಟೇ ತುಂಬಿ ಮೇಲೆ ಬರುತ್ತಿತ್ತು. ನಾದಿನಿಗೆ ಖುಷಿಯೋ ಖುಷಿ.

"ಸಿಗಡಿಗೂ ನಾಲಿಗೆ ಇದೆ ಅತ್ತಿಗೆ. ಹಿಂಡಿ ತಿನ್ನೋಕೆ ಅದೇನು ಎಮ್ಮೆಯಾ?"

ಪುಡಿಯಕ್ಕನೂ ನಕ್ಕಳು. ಆದರೆ ತಟ್ಟೆಯಲ್ಲಿ ಬಂದ ಸಿಗಡಿಗಳನ್ನು ನೋಡಿದವಳು ಅವಳೊಬ್ಬಳೇ. ಹೊಟ್ಟೆ ತುಂಬಿದ ಸಿಗಡಿಯ ಬೆನ್ನುದ್ದಕ್ಕೂ ಕರುಳಿನ ಕಪ್ಪು ಗೆರೆ ಕಾಣುತ್ತದೆ. ಇವುಗಳಲ್ಲಿ ಆ ಗೆರೆಯೇ ಇರಲಿಲ್ಲ. ಕಾಳಿನ ಹತ್ತಿರ ಬರುವುದು, ಮುಟ್ಟುವುದು, ಹಿಂದೆ ಸರಿಯುವುದು. ಗೆದ್ದೆವೆಂದು ಹಿಗ್ಗಬೇಕಾದವಳು ತಟ್ಟೆ ಹಿಡಿದು ದಂಡೆಯಲ್ಲೇ ಕೂತಳು. ಹಸಿದ ಮಕ್ಕಳನ್ನು ಮಲಗಿಸಿ ಗೊತ್ತಿದ್ದವಳು ಅವಳು. ಮೇವಿನ ಕೋಣೆಯಲ್ಲಿ ಪೇಟೆಯಿಂದ ತರಿಸಿಟ್ಟಿದ್ದ ಮೀನೆಣ್ಣೆಯ ಡಬ್ಬದಿಂದ ಒಂದು ಚಮಚ ತೆಗೆದು ಕಾಳಿಗೆ ಸವರಿದಳು. ಒಂದು ಹೊತ್ತಾದರೂ ತಿನ್ನಲಿ ಎಂದಷ್ಟೇ ಅಂದುಕೊಂಡದ್ದು.

ತಟ್ಟೆ ಎತ್ತಿದಾಗ ಒಂದು ಕಾಳೂ ಇರಲಿಲ್ಲ. ಯಜಮಾನರು ದಂಡೆಯ ಮೇಲೆಯೇ ನಿಂತಿದ್ದರು.

"ಏನು ಮಾಡಿದೆಯಮ್ಮ?"

ಸುಳ್ಳು ಹೇಳಬಹುದಿತ್ತು. ಇದ್ದದ್ದನ್ನೇ ಹೇಳಿಬಿಟ್ಟಳು.

"ಅಷ್ಟೇನಾ? ಒಂದು ಚಮಚ ಎಣ್ಣೆ ಸಾಕಾ?" ಅವರ ಮುಖ ಅರಳಿತು. ಆಗಷ್ಟೇ ಪುಡಿಯಕ್ಕನಿಗೆ ತಾನು ಮಾಡಿದ್ದು ಏನೆಂದು ಹೊಳೆದದ್ದು.

ನಾದಿನಿ ಮಾತು ಬಿಟ್ಟಳು. ಅಂಗಳ ಮುಚ್ಚುವ ದಿನ ಚಾಪೆಗಳನ್ನು ಸುತ್ತಿಡುವಾಗ ಬಾಯಿ ತೆರೆದಳು.

"ನಮ್ಮ ಅನ್ನಕ್ಕೆ ನೀವೇ ಕಲ್ಲು ಹಾಕಿದ್ರಲ್ಲ ಅತ್ತಿಗೆ."

"ಹಸಿದಿದ್ದವು ಕಣೇ."

ನಾದಿನಿ ಉಳಿದಿದ್ದ ಕೊನೆಯ ಚಾಪೆಯ ಮೇಲೆ ಕುಕ್ಕರಿಸಿದಳು. ಸಿಟ್ಟೆಲ್ಲ ಇಳಿದುಹೋಗಿತ್ತು.

"ಬೇರೆ ಕೆಲಸ ಎಲ್ಲಾದ್ರೂ ಸಿಗುತ್ತೆ ಬಿಡಿ. ಇನ್ಮೇಲೆ ಅಳು ಬಂದ್ರೆ ಎಲ್ಲಿಗೆ ಹೋಗೋಣ?"

ಪುಡಿಯಕ್ಕನೂ ಪಕ್ಕದಲ್ಲಿ ಕೂತಳು. ಆ ಚಾಪೆಯನ್ನು ಸುತ್ತುವುದಕ್ಕೆ ಇಬ್ಬರಿಗೂ ಕೈ ಬರಲಿಲ್ಲ.