ಗಾಜಿಲ್ಲದ ಒಂದು ಚೌಕಟ್ಟು

ಊರಿನ ಅರ್ಧಕ್ಕರ್ಧ ಕಿಟಕಿಗಳಿಗೆ ಗಾಜು ಕೂರಿಸಿದವನು ಅವನೇ. ಗಾಜಿನ ಮಾವ ಎಂದರೆ ಸಾಕು, ಬೀದಿಯ ಚಿಳ್ಳೆಪಿಳ್ಳೆಗಳೂ ಮನೆ ತೋರಿಸುತ್ತಿದ್ದವು. ವಜ್ರದ ಮೊನೆಯಿಂದ ಒಂದೇ ಗೀರು, ಹೆಬ್ಬೆರಳಿನಿಂದ ಮೆಲ್ಲಗೆ ಒಂದು ಒತ್ತು. ಗಾಜು ಅವನ ಮಾತು ಕೇಳುತ್ತಿತ್ತು. ಹೆಂಡತಿ ಕೇಳುತ್ತಿರಲಿಲ್ಲ, ಅದು ಬೇರೆ ವಿಷಯ.

ಮನೆ ಮೂರನೇ ಮಹಡಿಯಲ್ಲಿ, ಅವಳಿಗೋ ಮಂಡಿನೋವು. ಮೆಟ್ಟಿಲಿಳಿಯುವುದನ್ನು ಬಿಟ್ಟು ಎರಡು ವರ್ಷವಾಗಿತ್ತು. ಅವಳಿಗೆ ಬಿಸಿಲು ಸಿಗಬೇಕು, ಗಾಳಿ-ಧೂಳು ಸೋಕಬಾರದು ಎಂದು ಅವನು ಬಾಲ್ಕನಿಯ ಸುತ್ತ ಗಾಜು ಕಟ್ಟಿಕೊಟ್ಟಿದ್ದ. ಸಂದಿಯಲ್ಲಿ ಕೂದಲೆಳೆಯೂ ತೂರುವಂತಿರಲಿಲ್ಲ. ದಿನಾ ಬೆಳಗ್ಗೆ ಅವಳು ಅಲ್ಲಿ ಕೂತು ಬಟಾಣಿ ಸುಲಿಯುವಾಗ ಮುಖದ ತುಂಬ ಬಿಸಿಲು. ನೋಡಿದರೆ ಅವನ ಹೊಟ್ಟೆ ತಣ್ಣಗಾಗುತ್ತಿತ್ತು.

ಅಷ್ಟಾದರೂ ಜ್ವರ ಅವಳನ್ನು ಬಿಡಲಿಲ್ಲ. ವರ್ಷದಲ್ಲಿ ನಾಲ್ಕನೇ ಸಲ ಹಾಸಿಗೆ ಹಿಡಿದಾಗ ಮಗಳು ಹೆತ್ತು ಹದಿನೈದು ದಿನ. ಮಗಳ ಮನೆ ಅದೇ ಬೀದಿಯ ಕೊನೆಗೆ. ಆದರೂ ಎಳೆಕೂಸಿಗೆ ಸೋಂಕು ತಗಲೀತೆಂದು ಅಜ್ಜಿ ಮೊಮ್ಮಗಳನ್ನು ಮುಟ್ಟುವಂತಿಲ್ಲ. ಫೋನಿನಲ್ಲಿ ಮಗುವಿನ ಅಳು ಕೇಳುತ್ತ ಅವಳು ಮೂಗೊರೆಸಿಕೊಳ್ಳುತ್ತಿದ್ದಳು. ನೆಗಡಿಗೋ ಅಳುವಿಗೋ ಎಂದು ಕೇಳುವ ಧೈರ್ಯ ಅವನಿಗಾಗಲಿಲ್ಲ.

ಅವನು ಒಯ್ದ ಹೆಂಡತಿಯ ರಕ್ತಪರೀಕ್ಷೆಯ ಚೀಟಿ ನೋಡಿ ಡಾಕ್ಟರಮ್ಮ ಹುಬ್ಬೇರಿಸಿದರು. "ವಿಟಮಿನ್ ಡಿ ತೀರಾ ಕಮ್ಮಿ ಇದೆ. ಇವರು ಬಿಸಿಲಿಗೆ ಹೋಗೋದೇ ಇಲ್ವಾ?"

"ಹೋಗಲ್ಲ ಅಂದ್ರೇನು ಮೇಡಂ! ದಿನಾ ಎರಡು ಗಂಟೆ ಬಿಸಿಲಲ್ಲೇ ಕೂರ್ತಾಳೆ. ನನ್ನ ಕೈಯಾರೆ ಗಾಜಿನ ಕೋಣೆ ಮಾಡಿಕೊಟ್ಟಿದ್ದೀನಿ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಯಜಮಾನ್ರೇ, ಬೆಳಕು ಗಾಜು ದಾಟುತ್ತೆ, ಶಾಖ ದಾಟುತ್ತೆ. ಚರ್ಮದಲ್ಲಿ ವಿಟಮಿನ್ ಡಿ ಹುಟ್ಟಿಸೋ ಕಿರಣವನ್ನ ಮಾತ್ರ ಗಾಜು ತಡೆದುಬಿಡುತ್ತೆ."

ಅವನ ಮುಖ ಸಪ್ಪಗಾಯಿತು. ನಲವತ್ತು ವರ್ಷ ಅನ್ನ ಹಾಕಿದ ಗಾಜು ಮನೆಯೊಳಗೇ ಕೈಕೊಟ್ಟಿತ್ತು.

"ಹಾಗಾದ್ರೆ ಜ್ವರಕ್ಕೆ ಅದೇ ಕಾರಣಾನಾ?"

"ಅದೊಂದೇ ಅಂತ ಹೇಳಕ್ಕಾಗಲ್ಲ. ವೈರಸ್ ಒಳಗೆ ಬಂದಾಗ ಹೋರಾಡೋ ಜೀವಕೋಶಗಳಿಗೆ ಇದು ಬೇಕು. ಇಷ್ಟು ಕೊರತೆ ಇದ್ದವರಿಗೆ ತುಂಬಿಸಿಕೊಟ್ರೆ ಅನುಕೂಲ ಆಗಬಹುದು. ಮಾತ್ರೆ ಬರೆದಿದ್ದೀನಿ, ಹೇಳಿದಷ್ಟೇ ತಗೋಬೇಕು. ಜೊತೆಗೆ ಸ್ವಲ್ಪ ಹೊತ್ತು ನೇರ ಬಿಸಿಲು."

ಮರುದಿನ ಬೆಳಗ್ಗೆಯೇ ಅವನು ಉಳಿ ಹಿಡಿದು ದಕ್ಷಿಣದ ದೊಡ್ಡ ಗಾಜನ್ನು ಬಿಡಿಸಲು ಕೂತ. ಕೂರಿಸುವುದಷ್ಟೇ ಗೊತ್ತಿದ್ದ ಕೈಗೆ ಬಿಡಿಸುವ ಮನಸ್ಸಿರಲಿಲ್ಲ.

"ಅಷ್ಟು ಚೆಂದದ ಗಾಜು ರೀ, ಇರಲಿ ಬಿಡಿ," ಎಂದಳು ಹೆಂಡತಿ.

"ನಿನಗಿಂತ ಅದು ಹೆಚ್ಚಾ? ಸುಮ್ನಿರೆ."

ಆಡಿದ ಮೇಲೆ ಅವನಿಗೇ ನಾಚಿಕೆಯಾಯಿತು. ಮದುವೆಯಾದ ಹೊಸದರಲ್ಲೂ ಇಂಥ ಮಾತು ಅವನ ಬಾಯಿಂದ ಬಂದದ್ದಿಲ್ಲ.

ಜ್ವರ ಇಳಿಯಿತು, ಕೆಮ್ಮು ಹೋಯಿತು. ಮಾತ್ರೆಯೋ, ಬಿಸಿಲೋ, ಕಾಲವೇ ಕೂಡಿಬಂತೋ, ಅವನಿಗೆ ತಿಳಿಯದು. ತಿಂಗಳು ಕಳೆದು ಮಗಳು ಮೂರು ಮಹಡಿ ಹತ್ತಿ ಬಂದು ಕೂಸನ್ನು ತಾಯಿಯ ಮಡಿಲಿಗೆ ಹಾಕಿದಳು. ಗಡಿಬಿಡಿಯಲ್ಲಿ ಅವನು ಒರೆಸುವ ಬಟ್ಟೆ ತೆಗೆದುಕೊಂಡು, ರೂಢಿಯಂತೆ, ಗಾಜು ಉಜ್ಜಲು ಹೋದ. ಕೈ ಚೌಕಟ್ಟು ದಾಟಿ ಹೊರಗಿನ ಬಿಸಿಲಿಗೆ ಹೋಯಿತು.

"ಚೆನ್ನಾಗಿ ಒರೆಸಿ ರೀ, ಆ ಮೂಲೇಲಿ ಇನ್ನೂ ಕಲೆ ಇದೆ," ಎಂದು ಹೆಂಡತಿ ಬಿದ್ದೂಬಿದ್ದೂ ನಕ್ಕಳು. ಮಡಿಲಲ್ಲಿದ್ದ ಕೂಸೂ ಅವಳ ನಗುವಿಗೆ ಅಲುಗಾಡಿತು.

ಅವನು ಅದೇ ಬಟ್ಟೆಯಿಂದ ಕಣ್ಣೊರೆಸಿಕೊಂಡ, ಮೂಗೂ ಒರೆಸಿಕೊಂಡ.

"ಅಪ್ಪಾ, ನಿಂಗೆ ನೆಗಡಿನಾ?" ಮಗಳು ಗದರಿದಳು. "ಹಾಗಾದ್ರೆ ಮಗು ಹತ್ರ ಬರಬೇಡ, ಅಲ್ಲೇ ನಿಂತ್ಕೋ!"